ಕೋಚನಹಳ್ಳಿಗೆ ಚಿಪ್ ಫ್ಯಾಕ್ಟರಿ ಬರಲಿಲ್ಲ, ಕಂಪ್ಯೂಟರ್ ಒಳಗಿನ ಫ್ಯಾಕ್ಟರಿ ಬೆಂಗಳೂರಿಗೆ ಬಂದಿದೆ: ನಮ್ಮ ತಾಲೂಕಿಗೆ ಇದರಲ್ಲಿ ಪಾಲು ಎಷ್ಟು?

ಮೈಸೂರು: 2022ರ ಮೇ 1ರಂದು ರಾಜ್ಯ ಸರ್ಕಾರ ಮತ್ತು ಐಎಸ್‌ಎಂಸಿ ಅನ್ನೋ ಕಂಪನಿ ನಡುವೆ ಒಂದು ಒಪ್ಪಂದಕ್ಕೆ ಸಹಿ ಬಿತ್ತು. 22,900 ಕೋಟಿ ರೂಪಾಯಿ ಬಂಡವಾಳ, 1,500 ಜನಕ್ಕೆ ನೇರ ಉದ್ಯೋಗ, ದೇಶದ ಮೊದಲ ದೊಡ್ಡ ಸೆಮಿಕಂಡಕ್ಟರ್ ಫ್ಯಾಕ್ಟರಿ. ಜಾಗ ಅಂತ ಕೇಳಿಬಂದ ಹೆಸರು ಮೈಸೂರು-ನಂಜನಗೂಡು ಕಡೆಯ ಕೋಚನಹಳ್ಳಿ ಕೈಗಾರಿಕಾ ಪ್ರದೇಶ. ಫ್ಯಾಕ್ಟರಿ ಬಂದ್ರೆ ಸೈಟು, ಬಾಡಿಗೆ ಮನೆ, ಹೋಟೆಲು, ಗಾಡಿ ಬಾಡಿಗೆ ಎಲ್ಲಕ್ಕೂ ಜೀವ ಬರುತ್ತೆ ಅಂತ ಲೆಕ್ಕ ಹಾಕೋದು ಸಹಜವೇ.

ಆದರೆ ಅದು ಕಾಗದ ಬಿಟ್ಟು ಕೆಳಗೆ ಇಳಿಯಲಿಲ್ಲ. ಐಎಸ್‌ಎಂಸಿಗೆ ತಂತ್ರಜ್ಞಾನ ಕೊಡಬೇಕಿದ್ದದ್ದು ಇಸ್ರೇಲಿನ ಟವರ್ ಸೆಮಿಕಂಡಕ್ಟರ್. ಅದೇ ಹೊತ್ತಿಗೆ ಟವರ್ ಅನ್ನೇ ಅಮೆರಿಕದ ಇಂಟೆಲ್ ಖರೀದಿ ಮಾಡಲು ಹೊರಟಿತ್ತು. ಕೊಳ್ಳೋ ಮಾತು ಮುಗಿಯೋ ತನಕ ಇಲ್ಲಿನ ಮಾತು ಮುಂದಕ್ಕೆ ಹೋಗಲಿಲ್ಲ. ಕೊನೆಗೆ 2023ರ ಆಗಸ್ಟ್‌ನಲ್ಲಿ ಇಂಟೆಲ್-ಟವರ್ ವ್ಯವಹಾರವೇ ಮುರಿದುಬಿತ್ತು. ಅಷ್ಟೊತ್ತಿಗೆ ರೈಲು ಬೇರೆ ಹಳಿ ಹಿಡಿದಿತ್ತು.

2025ರ ಆಗಸ್ಟ್‌ವರೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸೆಮಿಕಂಡಕ್ಟರ್ ಯೋಜನೆಗಳು ಹತ್ತು. ಒಟ್ಟು ಬಂಡವಾಳ ಸುಮಾರು 1.60 ಲಕ್ಷ ಕೋಟಿ ರೂಪಾಯಿ. ರಾಜ್ಯಗಳು ಆರು: ಗುಜರಾತ್, ಅಸ್ಸಾಂ, ಉತ್ತರ ಪ್ರದೇಶ, ಪಂಜಾಬ್, ಒಡಿಶಾ, ಆಂಧ್ರ. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ನಮ್ಮ ಮೈಸೂರಿನಲ್ಲೇ 1988ರಲ್ಲಿ ಹುಟ್ಟಿದ ಕೇನ್ಸ್ ಟೆಕ್ನಾಲಜಿ ಕೂಡ ತನ್ನ ಚಿಪ್ ಜೋಡಣೆ ಘಟಕವನ್ನ ಕಟ್ಟಿರೋದು ಗುಜರಾತಿನ ಸಾನಂದ್‌ನಲ್ಲಿ. ಕರ್ನಾಟಕಕ್ಕೆ ಬರಬೇಕಾದ ಕಂಪನಿಗಳನ್ನ ಬೇರೆ ರಾಜ್ಯಕ್ಕೆ ತಿರುಗಿಸ್ತಾ ಇದ್ದಾರೆ ಅಂತ ಸಚಿವ ಪ್ರಿಯಾಂಕ್ ಖರ್ಗೆ 2025ರ ಅಕ್ಟೋಬರ್‌ನಲ್ಲಿ ದೂರಿದ್ದು, ಅದಕ್ಕೆ ಅಸ್ಸಾಂ ಮುಖ್ಯಮಂತ್ರಿ ತಿರುಗೇಟು ಕೊಟ್ಟಿದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ.

ಈ ಜಗಳದ ಗದ್ದಲದಲ್ಲಿ ಒಂದು ವಿಷಯ ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ಫ್ಯಾಕ್ಟರಿ ಬರದೇ ಇದ್ದರೂ, ಫ್ಯಾಕ್ಟರಿ ಒಳಗೆ ನಡೆಯೋ ಕೆಲಸವನ್ನ ಕಂಪ್ಯೂಟರ್ ಮೇಲೆ ಮಾಡಿ ನೋಡೋ ಕೆಲಸ ಮಾತ್ರ ಬೆಂಗಳೂರಿನಲ್ಲಿ ಗಟ್ಟಿಯಾಗಿ ಬೇರು ಬಿಡ್ತಾ ಇದೆ. ಇದಕ್ಕೆ ಪ್ರೊಸೆಸ್ ಸಿಮ್ಯುಲೇಷನ್ ಅಂತಾರೆ. ಮಕ್ಕಳನ್ನ ಎಂಜಿನಿಯರಿಂಗ್‌ಗೆ ಸೇರಿಸೋ ತಂದೆತಾಯಿ, ಅವರಿಗೆ ಫೀಸು ಕಟ್ಟೋಕೆ ಅಂಗಡಿ ನಡೆಸೋ ನೀವು, ಇದು ಏನು, ಎಷ್ಟು ನಂಬಬಹುದು ಅಂತ ತಿಳಿದುಕೊಳ್ಳೋದು ಒಳ್ಳೇದು.

ಯಾಕೆ ಬೇಕು ಈ ಕಂಪ್ಯೂಟರ್ ಫ್ಯಾಕ್ಟರಿ?

ಮೈಸೂರು ಪಾಕ್‌ಗೆ ಬೇಕಾದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮೂರೇ ಸಾಮಾನು. ಆದರೆ ಪಾಕದ ಹದ ಸ್ವಲ್ಪ ಏರಿದರೆ ಕಲ್ಲು, ಸ್ವಲ್ಪ ಕಮ್ಮಿ ಆದರೆ ಮುದ್ದೆ. ಸಿಹಿ ಅಂಗಡಿಯವರು ಹೊಸ ತಿಂಡಿ ಶುರುಮಾಡೋ ಮೊದಲು ಎರಡು ಮೂರು ಬಾಣಲೆ ಹಾಳು ಮಾಡಿಕೊಂಡೇ ಕಲಿಯೋದು. ಹಾಳಾದ ಬಾಣಲೆಯ ನಷ್ಟ ಸಾವಿರಗಳಲ್ಲಿ ಮುಗಿಯುತ್ತೆ.

ಚಿಪ್ ತಯಾರಿಯಲ್ಲೂ ಇದಕ್ಕೆ ರೆಸಿಪಿ ಅಂತಲೇ ಕರೀತಾರೆ. 300 ಮಿಲಿಮೀಟರ್ ಅಗಲದ, ಊಟದ ತಟ್ಟೆಯಷ್ಟು ದೊಡ್ಡ ಸಿಲಿಕಾನ್ ಬಿಲ್ಲೆ ಒಂದಿರುತ್ತೆ. ಅದರ ಹೆಸರು ವೇಫರ್. ಅದರ ಮೇಲೆ ಒಂದು ಪದರ ಬೆಳೆಸೋದು, ಬೆಳಕಿನಿಂದ ಚಿತ್ರ ಮೂಡಿಸೋದು, ಬೇಡದ ಭಾಗವನ್ನ ಪ್ಲಾಸ್ಮಾ ಹಾಯಿಸಿ ಕೊರೆಯೋದು, ಬೋರಾನ್ ಅಥವಾ ರಂಜಕದಂಥ ಪರಮಾಣುಗಳನ್ನ ವೇಗವಾಗಿ ಒಳಕ್ಕೆ ನುಗ್ಗಿಸೋದು, ಕುಲುಮೆಯಲ್ಲಿ ಕಾಯಿಸೋದು, ಮೇಲ್ಮೈಯನ್ನ ಉಜ್ಜಿ ಸಮತಟ್ಟು ಮಾಡೋದು. ಮತ್ತೆ ಮೊದಲಿನಿಂದ. ಹೀಗೆ ನೂರಾರು ಹಂತ. ಇವತ್ತಿನ ಮುಂದುವರಿದ ಚಿಪ್‌ಗಳಲ್ಲಿ ಇದು ಸಾವಿರ ದಾಟುತ್ತೆ. ಬಿಲ್ಲೆ ಒಳಗೆ ಹೋಗಿ ಚಿಪ್ ಆಗಿ ಹೊರಗೆ ಬರೋಕೆ ಎರಡು ಮೂರು ತಿಂಗಳು ಬೇಕು.

ಈಗ ಒಂದು ಸಣ್ಣ ಲೆಕ್ಕ ಹಾಕಿ. 500 ಹಂತ ಇದೆ ಅಂದುಕೊಳ್ಳಿ. ಒಂದೊಂದು ಹಂತವೂ ನೂರಕ್ಕೆ 99ರಷ್ಟು ಸರಿಯಾಗಿ ಆದರೆ ಸಾಕಲ್ವಾ ಅನ್ನಿಸುತ್ತೆ. ಆದರೆ 500 ಸಲ ಗುಣಿಸುತ್ತಾ ಹೋದರೆ ಕೊನೆಗೆ ನೂರರಲ್ಲಿ ಒಂದು ಚಿಪ್ಪೂ ಸರಿಯಾಗಿ ಉಳಿಯಲ್ಲ. ಹಂತಕ್ಕೆ 99.9 ಆದರೆ ಸುಮಾರು 60 ಉಳಿಯುತ್ತೆ. 99.99 ಆದರೆ 95. ಲಾಭ ನಷ್ಟದ ಗೆರೆ ಇರೋದು ಆ ಕೊನೆಯ ದಶಾಂಶದಲ್ಲಿ.

ತಪ್ಪು ಆಯ್ತು ಅಂತ ಗೊತ್ತಾಗೋದೇ ಎರಡು ತಿಂಗಳ ಮೇಲೆ ಆದರೆ? ಅಷ್ಟರಲ್ಲಿ ಬಿಲ್ಲೆಗಳೂ ಹೋದವು, ಯಂತ್ರದ ಸಮಯವೂ ಹೋಯ್ತು. ಅತಿ ಸೂಕ್ಷ್ಮ ಚಿತ್ರ ಮೂಡಿಸೋ ಇಯುವಿ ಯಂತ್ರ ಒಂದಕ್ಕೇ ಸಾವಿರ ಕೋಟಿ ರೂಪಾಯಿಗೂ ಮೀರಿದ ಬೆಲೆ. ಅಂಥ ಯಂತ್ರವನ್ನ ಪ್ರಯೋಗಕ್ಕೆ ಅಂತ ನಿಲ್ಲಿಸೋಕೆ ಯಾರಿಗೂ ಮನಸ್ಸು ಬರಲ್ಲ. ಅದಕ್ಕೇ ಮೊದಲು ಕಂಪ್ಯೂಟರ್‌ನಲ್ಲಿ ಮಾಡಿ ನೋಡೋದು.

ಒಳಗೆ ಏನು ನಡೆಯುತ್ತೆ?

ಇದು ಆಟದ ಗ್ರಾಫಿಕ್ಸ್ ಅಲ್ಲ, ಹಿಂದೆ ಭೌತಶಾಸ್ತ್ರ ಇದೆ. ಒಂದು ಉದಾಹರಣೆ ಸಾಕು. ಸಿಲಿಕಾನನ್ನ ಸುಮಾರು 1,000 ಡಿಗ್ರಿ ಕುಲುಮೆಯಲ್ಲಿಟ್ಟು ಆಮ್ಲಜನಕ ಬಿಟ್ಟರೆ ಅದರ ಮೇಲೆ ಗಾಜಿನಂಥ ಪದರ ಬೆಳೆಯುತ್ತೆ. ಮೊದಮೊದಲು ಬೇಗ ಬೆಳೆಯುತ್ತೆ, ಆಮೇಲೆ ನಿಧಾನ ಆಗುತ್ತೆ. ಯಾಕಂದ್ರೆ ಪದರ ದಪ್ಪ ಆದಷ್ಟೂ ಹೊಸದಾಗಿ ಬರೋ ಆಮ್ಲಜನಕ ಅದನ್ನೆಲ್ಲ ದಾಟಿ ಕೆಳಗಿನ ಸಿಲಿಕಾನ್ ಮುಟ್ಟಬೇಕು. ಎಷ್ಟು ಹೊತ್ತಿಗೆ ಎಷ್ಟು ದಪ್ಪ ಅನ್ನೋ ಸೂತ್ರವನ್ನ 1965ರಲ್ಲಿ ಬ್ರೂಸ್ ಡೀಲ್ ಮತ್ತು ಆಂಡ್ರ್ಯೂ ಗ್ರೋವ್ ಕೊಟ್ಟರು. ಈ ಗ್ರೋವ್ ಮುಂದೆ ಇಂಟೆಲ್ ಕಂಪನಿಯ ಮುಖ್ಯಸ್ಥರಾದವರು. ಅರವತ್ತು ವರ್ಷ ಆದರೂ ಎಂಜಿನಿಯರಿಂಗ್ ಕಾಲೇಜಲ್ಲಿ ಆ ಸೂತ್ರ ಪಾಠವಾಗಿದೆ.

ಇಂಥ ಸೂತ್ರಗಳನ್ನೆಲ್ಲ ಒಟ್ಟುಗೂಡಿಸಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1977ರ ಹೊತ್ತಿಗೆ ಸುಪ್ರೀಂ ಅನ್ನೋ ಪ್ರೋಗ್ರಾಂ ಬರೆದರು. ಇವತ್ತಿನ ದೊಡ್ಡ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗಳಿಗೆ ಅದು ಅಜ್ಜನ ಸ್ಥಾನದಲ್ಲಿದೆ. ಮಾರುಕಟ್ಟೆಯಲ್ಲಿ ಇವತ್ತು ಹೆಸರು ಮಾಡಿರೋದು ಸಿನಾಪ್ಸಿಸ್ ಕಂಪನಿಯ ಸೆಂಟಾರಸ್, ಸಿಲ್ವಾಕೋ ಕಂಪನಿಯ ಸಾಫ್ಟ್‌ವೇರ್, ಲ್ಯಾಮ್ ರಿಸರ್ಚ್‌ನ ಸೆಮ್ಯುಲೇಟರ್ 3ಡಿ. ಈ ಕೊನೆಯದನ್ನ ಬರೆದದ್ದು ಕೊವೆಂಟರ್ ಅನ್ನೋ ಕಂಪನಿ. 2017ರಲ್ಲಿ ಲ್ಯಾಮ್ ಅದನ್ನ ಕೊಂಡುಕೊಂಡಿತು.

ಕೆಲಸವನ್ನ ಸ್ಥೂಲವಾಗಿ ಮೂರು ಭಾಗ ಮಾಡಬಹುದು. ಒಂದು, ಯಾವ ಹಂತದಲ್ಲಿ ಪದರ ಎಷ್ಟು ದಪ್ಪ ಆಯ್ತು, ಒಳಗೆ ನುಗ್ಗಿಸಿದ ಪರಮಾಣು ಎಷ್ಟು ಆಳಕ್ಕೆ ಹೋಯ್ತು ಅಂತ ಲೆಕ್ಕ ಹಾಕೋದು. ಎರಡು, ಹಾಗೆ ತಯಾರಾದ ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಹೇಗೆ ಹರಿಯುತ್ತೆ, ಎಲ್ಲಿ ಸೋರುತ್ತೆ ಅಂತ ನೋಡೋದು. ಮೂರು, ನೂರಾರು ಹಂತಗಳನ್ನ ಒಂದರ ಮೇಲೊಂದು ಪೇರಿಸಿ ಮೂರು ಆಯಾಮದ ರೂಪ ಕಟ್ಟಿ, ಯಾವ ಹಂತದ ಸಣ್ಣ ತಪ್ಪು ಮುಂದೆ ಯಾವ ಹಂತದಲ್ಲಿ ದೊಡ್ಡದಾಗಿ ಕೈ ಕೊಡುತ್ತೆ ಅಂತ ಹಿಡಿಯೋದು. ರೇಷ್ಮೆ ಸೀರೆಯ ಅಂಚಿನ ಡಿಸೈನನ್ನ ಮಗ್ಗಕ್ಕೆ ಹಾಕೋ ಮೊದಲು ಗ್ರಾಫ್ ಹಾಳೆಯಲ್ಲಿ ಬಿಡಿಸಿ ನೋಡ್ತಾರಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಇಲ್ಲಿ ಒಂದು ಎಳೆ ಅಂದ್ರೆ ಕೆಲವೇ ಪರಮಾಣುಗಳ ಅಗಲ.

ಇದರ ಜೊತೆಗೆ ಈಗ ಗ್ರಾಫಿಕ್ಸ್ ಚಿಪ್‌ಗಳ ಬಲವೂ ಸೇರಿದೆ. ವೇಫರ್ ಮೇಲೆ ಚಿತ್ರ ಮೂಡಿಸೋ ಅಚ್ಚನ್ನ ಲೆಕ್ಕ ಹಾಕೋಕೆ ಎನ್‌ವಿಡಿಯಾ 2023ರಲ್ಲಿ ಕುಲಿಥೋ ಅನ್ನೋ ಸಾಫ್ಟ್‌ವೇರ್ ತಂದಿತು. ಸಾಮಾನ್ಯ ಪ್ರೊಸೆಸರ್‌ನ 40,000 ಕಂಪ್ಯೂಟರ್ ಮಾಡೋ ಕೆಲಸವನ್ನ ತನ್ನ 500 ಯಂತ್ರಗಳು ಮಾಡ್ತವೆ ಅನ್ನೋದು ಆ ಕಂಪನಿಯ ಹೇಳಿಕೆ. ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ತೈವಾನಿನ ಟಿಎಸ್‌ಎಂಸಿ ಅದನ್ನ ಬಳಕೆಗೆ ತಗೊಂಡಿದೆ.

ಎಐ ಬಂದಮೇಲೆ ಮನುಷ್ಯ ಯಾಕೆ?

ಮಕ್ಕಳ ಓದಿನ ವಿಷಯ ಬಂದಾಗ ಎಲ್ಲ ಮನೆಯಲ್ಲೂ ಈಗ ಕೇಳೋ ಪ್ರಶ್ನೆ ಇದು. ಇದಕ್ಕೆ ಊಹೆ ಬೇಕಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಲ್ಯಾಮ್ ರಿಸರ್ಚ್‌ನ ತಂಡ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಕಂಪ್ಯೂಟರ್ ಒಳಗಿನ ಒಂದು ಎಚಿಂಗ್ ಯಂತ್ರ, ಅಂದ್ರೆ ಕೊರೆಯೋ ಯಂತ್ರ. ಅದಕ್ಕೆ ಸರಿಯಾದ ರೆಸಿಪಿ ಹುಡುಕಬೇಕು. ಒಂದೊಂದು ಸಲ ಪ್ರಯತ್ನ ಮಾಡಿದಾಗಲೂ ಖರ್ಚು ಬೀಳುತ್ತೆ ಅಂತ ನಿಯಮ. ಕಡಿಮೆ ಖರ್ಚಲ್ಲಿ ಗುರಿ ಮುಟ್ಟಿದವರು ಗೆದ್ದ ಹಾಗೆ. ಒಂದು ಕಡೆ ಅನುಭವಿ ಎಂಜಿನಿಯರ್‌ಗಳು, ಹೊಸಬರು. ಇನ್ನೊಂದು ಕಡೆ ಕಂಪ್ಯೂಟರ್ ಅಲ್ಗಾರಿದಂ.

ಫಲಿತಾಂಶ ಗಮನಿಸಿ. ಕಂಪ್ಯೂಟರನ್ನ ಮೊದಲಿನಿಂದ ಅದರ ಪಾಡಿಗೆ ಬಿಟ್ಟಾಗ ಅನುಭವಿ ಎಂಜಿನಿಯರನ್ನ ಮೀರಿಸಿದ್ದು ಬಹಳ ಅಪರೂಪ. ಎಲ್ಲಿ ಹುಡುಕಬೇಕು ಅನ್ನೋದೇ ಅದಕ್ಕೆ ತಿಳಿಯದೆ ದುಡ್ಡು ಖರ್ಚಾಗ್ತಿತ್ತು. ಆದರೆ ಗುರಿ ಹತ್ತಿರ ಬಂದಮೇಲೆ ಕೊನೆಯ ಸೂಕ್ಷ್ಮ ಹೊಂದಾಣಿಕೆಯಲ್ಲಿ ಮನುಷ್ಯ ತಡವರಿಸಿದ, ಕಂಪ್ಯೂಟರ್ ಸರಸರ ಮುಗಿಸಿತು. ಮೊದಲು ಅನುಭವಿ ಮನುಷ್ಯ, ಕೊನೆಗೆ ಕಂಪ್ಯೂಟರ್ ಅನ್ನೋ ಕ್ರಮದಲ್ಲಿ ಕೆಲಸ ಹಂಚಿದಾಗ, ಮನುಷ್ಯ ಒಬ್ಬನೇ ಮಾಡೋದಕ್ಕಿಂತ ಖರ್ಚು ಅರ್ಧಕ್ಕೆ ಇಳಿಯಿತು.

ಇದರಲ್ಲಿ ನಮಗೆ ಇರೋ ಪಾಠ ಎರಡು. ಆಳವಾಗಿ ಕಲಿತವರಿಗೆ ಬೆಲೆ ಉಳಿಯುತ್ತೆ. ಬಟನ್ ಒತ್ತೋದು ಮಾತ್ರ ಕಲಿತವರ ಕೆಲಸವನ್ನ ಕಂಪ್ಯೂಟರೇ ಮಾಡುತ್ತೆ. ಕೋರ್ಸ್ ಆರಿಸುವಾಗ ಈ ವ್ಯತ್ಯಾಸ ತಲೆಯಲ್ಲಿ ಇರಲಿ.

ಸಿಮ್ಯುಲೇಷನ್‌ಗೂ ಮಿತಿ ಇದೆ

ಕಂಪ್ಯೂಟರ್‌ನಲ್ಲಿ ಚಿಪ್ ಸರಿ ಬಂತು ಅಂದಮಾತ್ರಕ್ಕೆ ಫ್ಯಾಕ್ಟರಿಯಲ್ಲಿ ಸರಿ ಬರುತ್ತೆ ಅಂತ ಅಲ್ಲ. ಸಾಫ್ಟ್‌ವೇರ್‌ಗೆ ಮೊದಲು ನಿಜವಾದ ವೇಫರ್‌ನ ಅಳತೆಗಳನ್ನ ಕೊಟ್ಟು ಹೊಂದಿಸಬೇಕು. ಇದೇ ಯಂತ್ರದಲ್ಲಿ, ಇದೇ ಅನಿಲದಲ್ಲಿ, ಇಷ್ಟು ಸೆಕೆಂಡಿಗೆ ಇಷ್ಟು ಆಳ ಕೊರೆಯಿತು ಅನ್ನೋ ದಾಖಲೆ ಬೇಕು. ಆ ದಾಖಲೆ ಇರೋದು ಫ್ಯಾಕ್ಟರಿಗಳ ಹತ್ತಿರ. ಅದನ್ನ ಅವರು ಯಾರಿಗೂ ತೋರಿಸಲ್ಲ, ಅದೇ ಅವರ ವ್ಯಾಪಾರದ ಗುಟ್ಟು.

ಹಾಗಾಗಿ ಫ್ಯಾಕ್ಟರಿ ಒಂದು ಕಡೆ, ಸಿಮ್ಯುಲೇಷನ್ ಇನ್ನೊಂದು ಕಡೆ ಇದ್ದರೆ ಎರಡಕ್ಕೂ ಸಂಬಂಧ ಬೇಕೇ ಬೇಕು. ಧೊಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ 91,000 ಕೋಟಿ ರೂಪಾಯಿಯಲ್ಲಿ ಕಟ್ಟುತ್ತಿರೋ ಫ್ಯಾಬ್‌ನ ಗುರಿ ತಿಂಗಳಿಗೆ 50,000 ವೇಫರ್. ಅಲ್ಲಿ 28 ನ್ಯಾನೋಮೀಟರ್‌ನಿಂದ 110 ನ್ಯಾನೋಮೀಟರ್‌ವರೆಗಿನ ಚಿಪ್ ತಯಾರಾಗಬೇಕು. ಕಾರು, ಮೀಟರ್, ಟಿವಿ, ಚಾರ್ಜರ್‌ಗಳಿಗೆ ಬೇಕಾದಂಥ ಚಿಪ್‌ಗಳು. 2021ರಲ್ಲಿ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾದವರಿಗೆ ಆ ಚಿಪ್‌ಗಳ ಬೆಲೆ ಗೊತ್ತು. ಅಂಥ ಫ್ಯಾಬ್ ಓಡೋಕೆ ಶುರುವಾದ ಮೇಲೆ ಅದರ ಅಳತೆಗಳನ್ನ ಕೂತು ವಿಶ್ಲೇಷಿಸೋ ತಂಡ ಎಲ್ಲಿ ಕೂರುತ್ತೆ ಅನ್ನೋದು ಮುಂದಿನ ವರ್ಷಗಳ ನಿಜವಾದ ಪೈಪೋಟಿ. ಬೆಂಗಳೂರಿಗೆ ಇಲ್ಲಿ ಮುನ್ನಡೆ ಇದೆ.

ಬೆಂಗಳೂರಿಗೆ ಬಂದಿರೋದು ಏನು?

2023ರ ಜೂನ್‌ನಲ್ಲಿ ಪ್ರಧಾನಿ ಅಮೆರಿಕಕ್ಕೆ ಹೋದಾಗ ಎರಡು ಘೋಷಣೆ ಆದವು. ಅಪ್ಲೈಡ್ ಮೆಟೀರಿಯಲ್ಸ್ ಕಂಪನಿ ಬೆಂಗಳೂರಿನಲ್ಲಿ ನಾಲ್ಕು ವರ್ಷದಲ್ಲಿ 40 ಕೋಟಿ ಡಾಲರ್ ಹಾಕಿ ಎಂಜಿನಿಯರಿಂಗ್ ಕೇಂದ್ರ ಮಾಡುತ್ತೆ, ನೇರವಾಗಿ 500 ಎಂಜಿನಿಯರಿಂಗ್ ಉದ್ಯೋಗ ಅಂತ ಒಂದು. ಲ್ಯಾಮ್ ರಿಸರ್ಚ್ ತನ್ನ ಸೆಮಿವರ್ಸ್ ಅನ್ನೋ ಸಿಮ್ಯುಲೇಷನ್ ವೇದಿಕೆ ಮೂಲಕ ಹತ್ತು ವರ್ಷದಲ್ಲಿ 60,000 ಭಾರತೀಯ ಎಂಜಿನಿಯರ್‌ಗಳಿಗೆ ತರಬೇತಿ ಕೊಡುತ್ತೆ ಅಂತ ಇನ್ನೊಂದು. ಈ ತರಬೇತಿಯಲ್ಲಿ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರ ಜೊತೆಗಿದೆ. 2025ರ ಫೆಬ್ರವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ ಲ್ಯಾಮ್ ರಾಜ್ಯದಲ್ಲಿ 10,000 ಕೋಟಿ ರೂಪಾಯಿಗೂ ಮೀರಿ ಹೂಡೋದಾಗಿ ಹೇಳಿದೆ.

ಈ ಎರಡೂ ಕಂಪನಿ ಚಿಪ್ ಮಾಡಲ್ಲ. ಚಿಪ್ ಮಾಡೋ ಯಂತ್ರ ಮಾಡ್ತವೆ. ಯಂತ್ರ ಮಾರುವಾಗ ಅದರ ಜೊತೆ ರೆಸಿಪಿಯನ್ನೂ ಹೊಂದಿಸಿ ಕೊಡಬೇಕು. ಅದಕ್ಕೇ ಅವರಿಗೆ ಸಿಮ್ಯುಲೇಷನ್ ಗೊತ್ತಿರೋ ಜನ ಬೇಕು.

ಈಗ 60,000 ಅನ್ನೋ ಸಂಖ್ಯೆಯನ್ನ ಅಂಗಡಿ ಲೆಕ್ಕದಲ್ಲಿ ನೋಡೋಣ. ಹತ್ತು ವರ್ಷಕ್ಕೆ 60,000 ಅಂದ್ರೆ ವರ್ಷಕ್ಕೆ ಸರಾಸರಿ 6,000. ಅದೂ ಇಡೀ ದೇಶಕ್ಕೆ. ಅದರಲ್ಲಿ ಕರ್ನಾಟಕಕ್ಕೆ ಎಷ್ಟು, ಮೈಸೂರು ಜಿಲ್ಲೆಗೆ ಎಷ್ಟು, ನಮ್ಮ ತಾಲೂಕಿಗೆ ಎಷ್ಟು ಅಂತ ಭಾಗಿಸುತ್ತಾ ಹೋದರೆ ಬೆರಳಲ್ಲಿ ಎಣಿಸೋ ಲೆಕ್ಕಕ್ಕೆ ಬರುತ್ತೆ. ಇನ್ನೂ ಒಂದು ಮಾತು: ಅದು ತರಬೇತಿಯ ಸಂಖ್ಯೆ, ಕೆಲಸದ ಸಂಖ್ಯೆ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ಕೂಡಲೇ ಕೆಎಸ್‌ಆರ್‌ಟಿಸಿ ಕೆಲಸ ಸಿಗಲ್ಲ ಅಲ್ವಾ, ಹಾಗೆ.

ಬೀಗದ ಕೈ ಯಾರ ಹತ್ತಿರ?

ಇಲ್ಲಿ ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ನಮ್ಮ ರಾಜಕೀಯ ಮಾತಲ್ಲಿ ಚರ್ಚೆ ಕಮ್ಮಿ. ಮೇಲೆ ಹೇಳಿದ ದೊಡ್ಡ ಸಾಫ್ಟ್‌ವೇರ್‌ಗಳ ಒಡೆತನ ಅಮೆರಿಕದ ಕಂಪನಿಗಳದ್ದು. 2025ರ ಮೇ ಕೊನೆಯಲ್ಲಿ ಅಮೆರಿಕ ಸರ್ಕಾರ ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಮೂರೂ ಕಂಪನಿಗೆ ಪತ್ರ ಬರೆದು, ಚಿಪ್ ವಿನ್ಯಾಸದ ಸಾಫ್ಟ್‌ವೇರನ್ನ ಚೀನಾಕ್ಕೆ ಕೊಡೋದನ್ನ ತಡೆಯಿತು. ಜುಲೈ ಮೊದಲ ವಾರದಲ್ಲಿ ಎರಡೂ ದೇಶದ ನಡುವೆ ಮಾತು ಹೊಂದಿದ ಮೇಲೆ ತಡೆ ತೆಗೆದರು. ಐದಾರು ವಾರದ ಆಟ. ಆದರೆ ಲೈಸೆನ್ಸ್ ಅನ್ನೋದು ಯಾವಾಗ ಬೇಕಾದರೂ ನಿಲ್ಲಬಹುದು ಅನ್ನೋದು ಎಲ್ಲರಿಗೂ ಗೊತ್ತಾಯ್ತು.

ಭಾರತ ಮತ್ತು ಅಮೆರಿಕ ಈಗ ಈ ವಿಷಯದಲ್ಲಿ ಜೊತೆಗಿವೆ. ಆದರೂ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ದಿನ ಕೈಕೊಟ್ಟರೆ ಅಂಗಡಿ ಹೇಗೆ ನಿಲ್ಲುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಇಡೀ ಉದ್ಯಮ ಬಾಡಿಗೆ ಸಾಫ್ಟ್‌ವೇರ್ ಮೇಲೆ ನಿಂತರೆ ಅದೇ ಕಥೆ. ಹಾಗಾಗಿ ನಮ್ಮ ಎಂಜಿನಿಯರ್‌ಗಳು ಸಾಫ್ಟ್‌ವೇರ್ ಬಳಸೋದನ್ನ ಮಾತ್ರ ಕಲಿತರೆ ಸಾಲದು, ಅದರೊಳಗಿನ ಸೂತ್ರವನ್ನೂ ಬರೆಯಲು ಕಲಿಯಬೇಕು. ಅದಕ್ಕೆ ದಾರಿಯೂ ಇದೆ. ಆಸ್ಟ್ರಿಯಾದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ವಿಯೆನ್ನಾಪಿಎಸ್, ಡೆವ್‌ಸಿಮ್ ಇಂಥವು ಮುಕ್ತ ಸಾಫ್ಟ್‌ವೇರ್‌ಗಳು. ಯಾರು ಬೇಕಾದರೂ ಇಳಿಸಿಕೊಂಡು, ಒಳಗೆ ಕೈಹಾಕಿ ತಿದ್ದಬಹುದು.

ಕೋರ್ಸ್‌ಗೆ ದುಡ್ಡು ಕಟ್ಟೋ ಮೊದಲು

ಸೆಮಿಕಂಡಕ್ಟರ್ ಅನ್ನೋ ಪದಕ್ಕೆ ಈಗ ಮಾರುಕಟ್ಟೆಯಲ್ಲಿ ಒಳ್ಳೇ ಓಟ ಇದೆ. ಮೂರು ತಿಂಗಳಲ್ಲಿ ಚಿಪ್ ಎಂಜಿನಿಯರ್ ಮಾಡ್ತೀವಿ ಅಂತ ಫೋನಿಗೆ ಜಾಹೀರಾತು ಬರೋ ಕಾಲ ಇದು. ಯಾವ ಕೋರ್ಸೂ ಬೇಡ ಅಂತ ಹೇಳ್ತಾ ಇಲ್ಲ. ಈ ನಾಲ್ಕು ಪ್ರಶ್ನೆ ಕೇಳಿ ಅಷ್ಟೇ.

1. ಇದು ವಿನ್ಯಾಸದ ಕೋರ್ಸೋ, ತಯಾರಿಕೆಯ ಕೋರ್ಸೋ? ವಿಎಲ್‌ಎಸ್‌ಐ ಅಂತ ಕಲಿಸೋದು ಹೆಚ್ಚಾಗಿ ಸರ್ಕ್ಯೂಟ್ ವಿನ್ಯಾಸ ಮತ್ತು ಅದರ ಪರಿಶೀಲನೆ. ಅದಕ್ಕೂ ಬೆಂಗಳೂರಿನಲ್ಲಿ ಕೆಲಸ ಇದೆ, ನಿಜ ಹೇಳಬೇಕೆಂದರೆ ಹೆಚ್ಚು ಕೆಲಸ ಇರೋದೇ ಅಲ್ಲಿ. ಆದರೆ ಪ್ರೊಸೆಸ್ ಸಿಮ್ಯುಲೇಷನ್ ಬೇರೆ ವಿದ್ಯೆ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಗಟ್ಟಿ ಇರಬೇಕು. ಕಂಪನಿಗಳು ಇದಕ್ಕೆ ಹೆಚ್ಚಾಗಿ ಎಂ.ಟೆಕ್ ಅಥವಾ ಪಿಎಚ್‌ಡಿ ಮಾಡಿದವರನ್ನ ತಗೋತವೆ.

2. ಯಾವ ಸಾಫ್ಟ್‌ವೇರ್, ಅದಕ್ಕೆ ಲೈಸೆನ್ಸ್ ಇದೆಯಾ? ಕಳ್ಳ ಕಾಪಿಯಲ್ಲಿ ಕಲಿಸೋ ಕಡೆ ದುಡ್ಡು ಕಟ್ಟಬೇಡಿ. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರ ದೇಶದ ಇನ್ನೂರೈವತ್ತಕ್ಕೂ ಹೆಚ್ಚು ಶಿಕ್ಷಣ ಸಂಸ್ಥೆಗೆ ಅಸಲಿ ಸಾಫ್ಟ್‌ವೇರ್ ಒದಗಿಸ್ತಾ ಇದೆ. ನಿಮ್ಮ ಮಗ ಅಥವಾ ಮಗಳು ಓದೋ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ಪ್ರಾಂಶುಪಾಲರನ್ನೇ ಕೇಳಿ. ಇಲ್ಲ ಅಂದ್ರೆ ಯಾಕಿಲ್ಲ ಅಂತಲೂ ಕೇಳಿ.

3. ನಿಜವಾದ ಕ್ಲೀನ್ ರೂಂ ನೋಡೋ ಅವಕಾಶ ಇದೆಯಾ? ಐಐಎಸ್‌ಸಿಯ ನ್ಯಾನೋ ಕೇಂದ್ರ ಹೊರಗಿನ ಕಾಲೇಜಿನವರಿಗೂ ತನ್ನ ಪ್ರಯೋಗಾಲಯ ತೆರೆದಿಟ್ಟಿದೆ. ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಅಂತ 2008ರಿಂದಲೇ ನಡೀತಿದೆ. ಅಧ್ಯಾಪಕರು ಮನಸ್ಸು ಮಾಡಿ ಅರ್ಜಿ ಹಾಕಬೇಕು.

4. ಇದನ್ನೇ ಉಚಿತವಾಗಿ ಕಲಿಯೋಕೆ ಆಗಲ್ವಾ? ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಅಧ್ಯಾಪಕರ ಚಿಪ್ ತಯಾರಿಕೆಯ ಪಾಠಗಳು ಉಚಿತ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನೋಹಬ್ ತಾಣದಲ್ಲಿ ಸಿಮ್ಯುಲೇಷನ್ ಅನ್ನೇ ಬ್ರೌಸರ್‌ನಲ್ಲಿ ದುಡ್ಡಿಲ್ಲದೆ ಓಡಿಸಬಹುದು. ಮೊದಲು ಅದರಲ್ಲಿ ಎರಡು ತಿಂಗಳು ಕೂತು ನೋಡಲಿ. ಆಸಕ್ತಿ ಉಳಿದರೆ ಆಮೇಲೆ ಫೀಸಿನ ಮಾತು.

ಬಿಇ ಬೇಡ ಅನ್ನೋರಿಗೂ ಒಂದು ದಾರಿ ಇದೆ. 2023ರಲ್ಲಿ ಎಐಸಿಟಿಇ ಎರಡು ಹೊಸ ಪಠ್ಯಕ್ರಮ ತಂದಿತು. ವಿಎಲ್‌ಎಸ್‌ಐ ವಿನ್ಯಾಸದ ಎಂಜಿನಿಯರಿಂಗ್ ಪದವಿ ಒಂದು, ಐಸಿ ತಯಾರಿಕೆಯ ಡಿಪ್ಲೊಮಾ ಇನ್ನೊಂದು. ಫ್ಯಾಬ್‌ನಲ್ಲಿ ಯಂತ್ರ ನೋಡಿಕೊಳ್ಳೋದು, ಪಾಳಿಯಲ್ಲಿ ದೋಷ ಹಿಡಿಯೋದು, ಅನಿಲ ಮತ್ತು ನೀರಿನ ವ್ಯವಸ್ಥೆ ನಿಭಾಯಿಸೋದು ಇವೆಲ್ಲ ಡಿಪ್ಲೊಮಾದವರ ಕೆಲಸ. ಸದ್ಯಕ್ಕೆ ಇದಕ್ಕೆ ಗುಜರಾತ್ ಅಥವಾ ಅಸ್ಸಾಂಗೆ ಹೋಗೋಕೆ ತಯಾರಿರಬೇಕು. ಇದನ್ನ ಮುಚ್ಚಿಟ್ಟು ಆಸೆ ತೋರಿಸೋದು ಸರಿಯಲ್ಲ.

ತಾಲೂಕಿನ ವ್ಯಾಪಾರಕ್ಕೆ ಏನು?

ನೇರವಾಗಿ ಹೇಳೋದಾದ್ರೆ, ಸಿಮ್ಯುಲೇಷನ್ ಕಚೇರಿಯಿಂದ ತಾಲೂಕಿನ ಅಂಗಡಿಗೆ ಬರೋ ವ್ಯಾಪಾರ ಕಮ್ಮಿ. ಫ್ಯಾಬ್ ಅಂದ್ರೆ ದಿನದ 24 ಗಂಟೆ ಓಡುತ್ತೆ. ಪಾಳಿ ಬಸ್ಸು, ಕ್ಯಾಂಟೀನು, ಬಾಡಿಗೆ ಕೋಣೆ, ಸಮವಸ್ತ್ರ ಒಗೆಯೋದು, ಕಟ್ಟಡ ಕೆಲಸ ಎಲ್ಲ ಸುತ್ತಲಿನ ಊರಿಗೆ ಸಿಗುತ್ತೆ. ಸಿಮ್ಯುಲೇಷನ್‌ಗೆ ಬೇಕಾದ್ದು ಸರ್ವರ್, ಎಸಿ, ನಾಲ್ಕಾರು ಡಜನ್ ಎಂಜಿನಿಯರ್. ಅವರು ವೈಟ್‌ಫೀಲ್ಡ್‌ನಲ್ಲಿ ಕೂರ್ತಾರೆ, ಅಲ್ಲೇ ಖರ್ಚು ಮಾಡ್ತಾರೆ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ದೊಡ್ಡ ಫ್ಯಾಬ್‌ಗೆ ದಿನಕ್ಕೆ ಕೋಟಿ ಲೀಟರ್‌ಗೂ ಮೀರಿ ನೀರು ಬೇಕಾಗುತ್ತೆ, ಅದೂ ಅತ್ಯಂತ ಶುದ್ಧ ನೀರು. ಮಳೆ ಕೈಕೊಟ್ಟ ವರ್ಷ ಕಬಿನಿ, ಕಾವೇರಿ ನೀರಿಗೆ ಹೇಗೆ ಕಿತ್ತಾಟ ಆಗುತ್ತೆ ಅಂತ ನಮಗೆ ಗೊತ್ತು. ಸಿಮ್ಯುಲೇಷನ್‌ಗೆ ಈ ಬಾಧೆ ಇಲ್ಲ. ವಿಷಾನಿಲದ ಭಯ ಇಲ್ಲ, ರೈತರ ಜಮೀನೂ ಬೇಕಿಲ್ಲ. ಬೇಕಾದ್ದು ಓದಿದ ಮಕ್ಕಳು, ಚೆನ್ನಾಗಿರೋ ಕರೆಂಟು ಮತ್ತು ಇಂಟರ್ನೆಟ್. ಈ ಮೂರನ್ನ ಮೈಸೂರು ಕೊಡಬಲ್ಲದು.

ಮೈಸೂರಿಗೆ ಎಲೆಕ್ಟ್ರಾನಿಕ್ಸ್ ಹೊಸದೂ ಅಲ್ಲ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿ ಸರ್ಕ್ಯೂಟ್ ಬೋರ್ಡ್ ತಯಾರಿಸ್ತಾ ಇದೆ. 1999ರಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಅನ್ನ ಕೊಂಡು ಇಲ್ಲಿಗೆ ಬಂದ ಕಂಪನಿ ಅದು. ತಾಮ್ರದ ಪದರ ಹಾಕೋದು, ಚಿತ್ರ ಮೂಡಿಸೋದು, ಬೇಡದ್ದನ್ನ ಕರಗಿಸೋದು, ಬೋರ್ಡ್ ತಯಾರಿಕೆಯ ಈ ಹಂತಗಳು ಚಿಪ್ ತಯಾರಿಕೆಯ ದೊಡ್ಡಣ್ಣನ ಹಾಗೆ, ಅಳತೆ ಮಾತ್ರ ದೊಡ್ಡದು. ಪದರ, ಕೊರೆತ, ಇಳುವರಿ ಅಂದ್ರೆ ಏನು ಅಂತ ಕೈಯಾರೆ ಗೊತ್ತಿರೋ ಜನ ಈ ಜಿಲ್ಲೆಯಲ್ಲಿದ್ದಾರೆ. ಕಾಲೇಜು ಮತ್ತು ಇಂಥ ಕಾರ್ಖಾನೆಗಳ ನಡುವೆ ಸೇತುವೆ ಕಟ್ಟಿದರೆ ಸಿಮ್ಯುಲೇಷನ್ ಕಲಿಯೋ ಮಕ್ಕಳಿಗೆ ನಿಜವಾದ ಅಳತೆ ಎಲ್ಲಿಂದ ಬರುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಮುಂದೇನು ಕೇಳಬೇಕು?

ಮತ್ತೊಂದು ಫ್ಯಾಬ್ ಬರಲಿ ಅಂತ ಕೇಳೋದು ತಪ್ಪಲ್ಲ. ಆದರೆ ಅದರ ತೀರ್ಮಾನ ದೆಹಲಿಯಲ್ಲಿ, ತೈಪೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಆಗುತ್ತೆ. ನಮ್ಮ ಕೈಗೆ ಎಟುಕೋ ವಿಷಯ ಬೇರೆ ಇದೆ. ಬಿಯಾಂಡ್ ಬೆಂಗಳೂರು ಅಂತ ಸರ್ಕಾರ ಹೇಳ್ತಾನೇ ಇದೆ, ಮೈಸೂರನ್ನ ಒಂದು ಕ್ಲಸ್ಟರ್ ಅಂತಲೂ ಹೆಸರಿಸಿದೆ. ಹಾಗಾದ್ರೆ ಜಿಲ್ಲೆಯ ಎಷ್ಟು ಕಾಲೇಜಿಗೆ ಚಿಪ್‌ಇನ್ ಸಾಫ್ಟ್‌ವೇರ್ ಬಂದಿದೆ? ಸೆಮಿವರ್ಸ್ ತರಬೇತಿಗೆ ಈ ಜಿಲ್ಲೆಯಿಂದ ಎಷ್ಟು ಅಧ್ಯಾಪಕರು ಹೋಗಿದ್ದಾರೆ? ನಮ್ಮ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಐಸಿ ತಯಾರಿಕೆಯ ಡಿಪ್ಲೊಮಾ ಯಾವಾಗ ಶುರು? ಇವು ಶಾಸಕರು, ಸಂಸದರು, ಕಾಲೇಜು ಆಡಳಿತ ಮಂಡಳಿಯವರು ಅಂಕಿಅಂಶ ಇಟ್ಟು ಉತ್ತರ ಕೊಡಬಹುದಾದ ಪ್ರಶ್ನೆಗಳು. 22,900 ಕೋಟಿಯ ಇನ್ನೊಂದು ಒಪ್ಪಂದ ಬೇಕಾಗಿಲ್ಲ. ಮೂವತ್ತು ಕಂಪ್ಯೂಟರ್ ಇರೋ ಒಂದು ಲ್ಯಾಬ್, ವಿಷಯ ಗೊತ್ತಿರೋ ಇಬ್ಬರು ಅಧ್ಯಾಪಕರು, ವರ್ಷಕ್ಕೆ ಎರಡು ಸಲ ಐಐಎಸ್‌ಸಿಗೆ ಒಂದು ಬಸ್ಸು. ಇಷ್ಟರಿಂದ ಶುರುಮಾಡಬಹುದು.

ಮುಂದಿನ ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ಪ್ರತಿ ಕಾಲೇಜೂ ಸೆಮಿಕಂಡಕ್ಟರ್ ಬ್ಯಾನರ್ ಕಟ್ಟುತ್ತೆ. ಬ್ಯಾನರ್ ನೋಡಿ ಸೀಟು ಹಿಡಿಯೋ ಮೊದಲು ಲ್ಯಾಬ್ ಬಾಗಿಲು ತೆಗೆಸಿ ಒಳಗೆ ನೋಡಿ.